ಮುಂದಿನ ಬಾಯಿ

ಡಿಸೆಂಬರ್ ಬಂತೆಂದರೆ ನಮ್ಮ ಬಡಾವಣೆಯ ಮಾರುಕಟ್ಟೆ ರಸ್ತೆಯಲ್ಲಿ ಓಡಾಡುವುದೇ ಒಂದು ಸುಖ. ಮಾಗಡಿ ಕಡೆಯಿಂದ ಬಂದ ಅವರೆಕಾಯಿ ಮೂಟೆಗಳನ್ನು ಫುಟ್‌ಪಾತಿನ ಮೇಲೆ ಸುರಿದಿರುತ್ತಾರೆ. ಇಬ್ಬನಿ ಕುಡಿದು ಬೆಳೆದ ಕಾಯಿ, ಮುಟ್ಟಿದರೆ ಬೆರಳಿಗೆ ಹತ್ತುವ ಸೊಗಡು. ಅರ್ಧ ಕಿಲೋ ಸಾಕೆಂದು ಬಂದವರು ಎರಡು ಕಿಲೋ ಹಾಕಿಸಿಕೊಂಡು ಏಳುತ್ತಾರೆ. ಸಂಜೆಯಾದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ನೀರಿನ ಸಂಪಿನ ಪಕ್ಕದ ಕಟ್ಟೆಯ ಮೇಲೆ ಮೊರಗಳು ಬಂದು ಕೂರುತ್ತವೆ. ವರ್ಷವಿಡೀ ಲಿಫ್ಟಿನಲ್ಲಿ ತಲೆಯಾಡಿಸಿ ಹೋಗುವವರೆಲ್ಲ ಆ ಒಂದೂವರೆ ತಿಂಗಳು ಮಾತಾಡುತ್ತಾರೆ. ಉಪ್ಪಿಟ್ಟಿಗೆ ಎಷ್ಟು, ಸಾರಿಗೆ ಎಷ್ಟು, ಹಿದಕಿದ ಬೇಳೆಗೆ ಎಷ್ಟು ಎಂಬ ಲೆಕ್ಕದ ನಡುವೆ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು, ಊರಿನ ಜಮೀನಿನ ವಿಷಯ ಎಲ್ಲ ಬಂದು ಹೋಗುತ್ತವೆ. ಅವರೆಕಾಯಿಯಷ್ಟು ಚೆನ್ನಾಗಿ ಜನರನ್ನು ಒಂದೆಡೆ ಕೂರಿಸುವ ಇನ್ನೊಂದು ತರಕಾರಿಯನ್ನು ನಾನು ಕಂಡಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಉಳಿಯುವುದು ಸಿಪ್ಪೆಯ ರಾಶಿ. ಕಿಲೋ ಕಾಯಿ ಬಿಡಿಸಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸಿಪ್ಪೆಯದೇ. ಕಾಳನ್ನು ನೆನೆಸಿ ಹಿದುಕಿದರೆ ಅದರ ತೊಗಟೆ ಬೇರೆ. ಹಸಿರಾಗಿ, ತಣ್ಣಗೆ, ಇನ್ನೂ ಜೀವ ಇರುವಂತೆ ಬಿದ್ದಿರುವ ಆ ರಾಶಿಯ ಮುಂದೆ ನಿಂತರೆ ನನ್ನ ಮನಸ್ಸು ಸೀದಾ ಸಾಗರ ಸೀಮೆಯ ನಮ್ಮ ಅಜ್ಜನ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಆ ಬಾಗಿಲ ಹೊರಗೆ ಅಕ್ಕಚ್ಚಿನ ಮರಿಗೆ ಇತ್ತು. ಅಕ್ಕಿ ತೊಳೆದ ನೀರು, ಗಂಜಿಯ ತಳ, ತರಕಾರಿ ಹೆಚ್ಚಿದ ಮೇಲಿನ ತೊಟ್ಟು, ಎಲೆಯಲ್ಲಿ ಉಳಿದ ಅನ್ನ ಎಲ್ಲ ಅದಕ್ಕೆ. ಸಂಜೆ ಅಜ್ಜಿ ಅದಕ್ಕೊಂದಿಷ್ಟು ಹಿಂಡಿ ಕಲಸಿ ಕೊಟ್ಟಿಗೆಗೆ ಒಯ್ಯುವಾಗ ದನಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಆದರೆ ಮರಿಗೆಗೆ ಏನನ್ನಾದರೂ ಹಾಕುವುದು ಅಷ್ಟು ಸಲೀಸಾಗಿರಲಿಲ್ಲ. ಸಿಪ್ಪೆ ತುಂಬಿದ ತಟ್ಟೆ ಹಿಡಿದು ಬಾಗಿಲು ದಾಟುವಾಗ ಒಳಗಿನಿಂದ ಅಜ್ಜಿಯ ದನಿ ಬರುತ್ತಿತ್ತು: “ತಡ್ಯೇ, ಇಲ್ಲಿಡು ಅದನ್ನ.” ಹೀರೇಕಾಯಿ ಹೆರೆದ ಸಿಪ್ಪೆ ಎಳ್ಳು, ಒಣಮೆಣಸು, ಹುಣಸೆಯೊಂದಿಗೆ ಹುರಿದು ಚಟ್ನಿಯಾಗುತ್ತಿತ್ತು. ಬಾಳೆಕಾಯಿ ಸಿಪ್ಪೆಯದೂ ಅದೇ ದಾರಿ. ದಾಳಿಂಬೆ ಸಿಪ್ಪೆ ಒಣಗಿ ಡಬ್ಬಿ ಸೇರಿ, ಯಾರದಾದರೂ ಹೊಟ್ಟೆ ಕೆಟ್ಟ ದಿನ ತಂಬುಳಿಯಾಗಿ ಹೊರಬರುತ್ತಿತ್ತು. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆ. ಆ ದೋಸೆ ಎಷ್ಟು ಮೆತ್ತಗಿರುತ್ತಿತ್ತೆಂದರೆ, ಹಣ್ಣು ತಿನ್ನುವಾಗಲೇ ನಾವು ಮಕ್ಕಳು ಮರುದಿನದ ತಿಂಡಿಯ ಆಸೆಯಿಂದ ಸಿಪ್ಪೆಯನ್ನು ಜೋಪಾನವಾಗಿ ಕೊಡುತ್ತಿದ್ದೆವು.

ಹಲಸಿನ ಕಾಲದ ವೈಭವವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹೊರಗೆ ಜೂನ್ ತಿಂಗಳ ಮಳೆ, ಒಳಗೆ ಜಗಲಿಯಲ್ಲಿ ಗೋಣಿ ಹಾಸಿ, ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ದೊಡ್ಡವರು. ಹಣ್ಣು ಎರಡು ಸೀಳಾದ ಕೂಡಲೇ ಕೊಟ್ಟಿಗೆಯಿಂದ ಕೂಗು. ಆ ವಾಸನೆಗೆ ದನಗಳಿಗೆ ತಡೆಯುತ್ತಿರಲಿಲ್ಲ. ತೊಳೆ ನಮಗೆ, ಹೊರಗಿನ ಮುಳ್ಳುಸಿಪ್ಪೆ ಅವಕ್ಕೆ, ಬೇಳೆ ತೊಳೆದು ಒಣಗಿಸಿ ಬೂದಿಯಲ್ಲೋ ಮಣ್ಣಿನಲ್ಲೋ ಹುದುಗಿಸಿ ಮಳೆಗಾಲದ ಹುಳಿಗೆ, ಪಲ್ಯಕ್ಕೆ. ಬಲಿಯದ ಕಾಯಿಯ ತೊಳೆ ಉಪ್ಪಿನ ಜಾಡಿಗೆ. ಕೊನೆಗೆ ಗೋಣಿಯ ಮೇಲೆ ಉಳಿಯುತ್ತಿದ್ದುದು ಬರೀ ಮೇಣ. ಅದನ್ನೂ ಅಜ್ಜ ಕಡ್ಡಿಗೆ ಸುತ್ತಿಟ್ಟು ಸೋರುವ ಪಾತ್ರೆಗೆ ಮೆತ್ತುತ್ತಿದ್ದರು.

ಕೊಟ್ಟಿಗೆಯಿಂದ ಮುಂದಿನ ದಾರಿ ಇನ್ನೂ ಉದ್ದ. ನಮ್ಮ ಕಡೆ ಅಡಿಕೆ ತೋಟ ಎಂದರೆ ತೋಟ ಮಾತ್ರವಲ್ಲ. ಅದರ ಬೆನ್ನಿಗೆ ಸೊಪ್ಪಿನಬೆಟ್ಟ ಇರಬೇಕು. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಟು. ಬೇಸಿಗೆಯಲ್ಲಿ ಬೆಟ್ಟದಿಂದ ದರಕು, ಅಂದರೆ ಒಣ ಎಲೆ, ಗುಡಿಸಿ ತಂದು, ಮಳೆಗಾಲದಲ್ಲಿ ಹಸಿ ಸೊಪ್ಪು ಕೊಯ್ದು ತಂದು ದನದ ಕಾಲಡಿಗೆ ಹಾಸುತ್ತಾರೆ. ಸಗಣಿ, ಗಂಜಲ ಕುಡಿದ ಆ ಹಾಸು ಗೊಬ್ಬರಗುಂಡಿಗೆ, ಅಲ್ಲಿಂದ ಮರದ ಬುಡಕ್ಕೆ. ಒಂದು ಎಲೆ ಅಡಿಕೆಯಾಗಿ ಮರ ಹತ್ತಲು ಎಷ್ಟು ತಿಂಗಳು ಬೇಕೋ! ಉಳಿತಾಯ ಮಾಡಬೇಕೆಂದು ಅಜ್ಜಿ ಎಂದೂ ಉಪದೇಶ ಮಾಡಲಿಲ್ಲ. ಅವಳ ಕೈಯಿಂದ ಜಾರಿದ ಪ್ರತಿಯೊಂದಕ್ಕೂ ಮುಂದೊಂದು ಬಾಯಿ ಕಾದಿರುತ್ತಿತ್ತು, ಅವಳಿಗೆ ಆ ಬಾಯಿಗಳ ಗುರುತಿತ್ತು. ಅದೇ ಅವಳ ಸಂಸಾರದ ಗುಟ್ಟು ಎಂದು ನನಗೆ ಬಲವಾಗಿ ಅನಿಸಿದೆ.

ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ಕೈಗೆ ಸಿಕ್ಕಿದ್ದು ಕಪ್ಪು ಪ್ಲಾಸ್ಟಿಕ್ ಕವರು. ಸಿಪ್ಪೆ, ಕಾಗದ, ಹಳೆ ಬ್ಯಾಟರಿ, ಒಡೆದ ಲೋಟ ಎಲ್ಲವನ್ನೂ ಅದರೊಳಗೆ ತುಂಬಿ ಗಂಟು ಹಾಕಿ ರಸ್ತೆಯ ಮೂಲೆಗಿಟ್ಟರೆ ಮುಗಿಯಿತು. ಬೀದಿಯವರೆಲ್ಲ ಹಾಗೇ ಮಾಡುತ್ತಿದ್ದರು. ಬೆಳಿಗ್ಗೆ ಮೂಲೆ ಖಾಲಿ. ಆ ಗಂಟು ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಕೇಳುವ ಹಾಗಾದದ್ದು 2012ರಲ್ಲಿ. ಯಲಹಂಕದಾಚೆಯ ಮಾವಳ್ಳಿಪುರದವರು ಸಾಕಪ್ಪಾ ಸಾಕು ಎಂದು ಎದ್ದು ನಿಂತರು, ಅಲ್ಲಿಯ ಕಸದ ಗುಡ್ಡ ಮುಚ್ಚಿತು, ನಮ್ಮ ಗಂಟುಗಳು ನಮ್ಮ ಮೂಲೆಯಲ್ಲೇ ಉಳಿದವು. ಮಳೆ ಬಂದು ಅವು ಬಿರಿದಾಗ ಇಡೀ ಊರು ಮೂಗು ಮುಚ್ಚಿಕೊಂಡಿತು.

ಆಮೇಲೆ ಭಾರ ಹೊತ್ತದ್ದು ಮಂಡೂರು. ಹಳೆ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆ ಹೋಗುವ ಬಸ್ಸಿನಲ್ಲಿ, ಗಾಳಿ ಆ ಕಡೆಯಿಂದ ಬೀಸಿದರೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನ ಪಕ್ಕ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಲಿಲ್ಲ. ಅವರು ಅದೇ ಕಡೆಯ ಹಳ್ಳಿಯವರು. “ನಮ್ಗೆ ಅಭ್ಯಾಸ ಆಗೋಗೈತೆ. ಊಟಕ್ಕೆ ಕುಂತ್ರೆ ನೊಣ, ಮಲಗಿದ್ರೆ ನೊಣ. ನೆಂಟ್ರು ಬರೋದು ಬಿಟ್ರು ನೋಡಿ” ಎಂದರು. ದೂರಿನ ದನಿ ಇರಲಿಲ್ಲ. ನಾನು ಯಾವ ಊರಿನ ಕಡೆಯವರೆಂದು ವಿಚಾರಿಸಿದರು, ಮಳೆ ಹೇಗೆ ಎಂದು ಕೇಳಿದರು. ಹಸಿ ಕಸವನ್ನು ಪ್ಲಾಸ್ಟಿಕ್ಕಿನ ಜೊತೆ ಗಾಳಿಯಾಡದಂತೆ ಒಟ್ಟಿದರೆ ಅದು ಮಣ್ಣಾಗುವುದಿಲ್ಲ, ಕೊಳೆಯುತ್ತದೆ. ಅದರಿಂದ ಇಳಿಯುವ ಕಪ್ಪು ರಸ ನೆಲಕ್ಕಿಳಿದು ಬಾವಿ, ಕೊಳವೆಬಾವಿಗಳಿಗೆ ಸೇರುತ್ತದೆ. ಅಜ್ಜಿಯ ಮರಿಗೆಯಲ್ಲಿ ದನ ಮುಖವಿಡುತ್ತಿದ್ದ ವಸ್ತುವೇ ಇಲ್ಲಿ ಊರಿನ ನೀರು ಕೆಡಿಸುತ್ತಿತ್ತು. ವಸ್ತು ಅದೇ. ನಾವು ಅದರ ಮುಂದಿನ ಬಾಯನ್ನು ಕಳೆದುಕೊಂಡು, ಬೇಡವೆಂದವರ ಬಾಯಿಗೆ ತುರುಕಿದ್ದೆವು. 2014ರಲ್ಲಿ ಮಂಡೂರಿನವರು ಲಾರಿಗಳಿಗೆ ಅಡ್ಡ ನಿಂತರು. ಆ ವರ್ಷ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. ಅವರಿಗೆ ಈ ಊರು ಇನ್ನೂ ಋಣಿಯಾಗಿದೆ ಎಂದು ನಾನು ನಂಬಿದ್ದೇನೆ. ಅವರು ಅಡ್ಡ ನಿಲ್ಲದಿದ್ದರೆ ನಾವು ಬುಟ್ಟಿಯೊಳಗೆ ಇಣುಕುತ್ತಲೇ ಇರಲಿಲ್ಲ.

ಹಸಿ ಕಸವನ್ನು ಗೊಬ್ಬರ ಮಾಡುವುದು ಬೆಂಗಳೂರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಗೊಬ್ಬರದ ವಿಷಯ ಹುಡುಕುತ್ತಾ ಒಂದು ಸಲ ಕೃಷಿ ಪಠ್ಯಪುಸ್ತಕ ತೆರೆದಾಗ ಅದರಲ್ಲಿ ‘ಬೆಂಗಳೂರು ವಿಧಾನ’ ಎಂಬ ತಲೆಬರಹ ಕಂಡು ನನಗೆ ರೋಮಾಂಚನವಾಯಿತು. 1939ರಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಕ್ರಮ ಅದು. ಊರಿನ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ ಆರೆಂಟು ತಿಂಗಳು ಬಿಟ್ಟರೆ ಗೊಬ್ಬರ. ಅದಕ್ಕೂ ಮುಂಚೆ ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ ಯಶವಂತ ವಾಡ್ ಎಂಬವರ ಜೊತೆ ಸೇರಿ ನಮ್ಮ ರೈತರ ಪದ್ಧತಿಗಳನ್ನು ಕೂತು ನೋಡಿ, ಒಣ ಎಲೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಎಲ್ಲವನ್ನೂ ಒಟ್ಟಿ, ಮಗುಚಿ ಹಾಕಿ ಮೂರು ತಿಂಗಳಿಗೆ ಗೊಬ್ಬರ ಮಾಡುವ ‘ಇಂದೋರ್ ವಿಧಾನ’ವನ್ನು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದರು. ನಮ್ಮ ಅಜ್ಜನ ಗೊಬ್ಬರಗುಂಡಿಯ ವಿಧಾನಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ. ಎರಡನ್ನೂ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಊರಿನ ಹೆಸರು ಹೊತ್ತ ವಿಧಾನವನ್ನು ಬೇರೆ ನಾಡಿನ ಮಕ್ಕಳು ಓದಿ ಪರೀಕ್ಷೆ ಬರೆಯುತ್ತಾರೆ, ಆ ಹೆಸರಿನ ಊರಿನಲ್ಲಿ ಕೂತ ನಾನು ಗಂಟು ಕಟ್ಟಿ ಮೂಲೆಗಿಡುತ್ತೇನೆ ಎಂಬುದು ಸಹಿಸಲಾಗದ ಸಂಗತಿಯಾಗಿತ್ತು.

2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲ ಎಂದು ಆದೇಶ ಮಾಡಿತು: ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಡಯಾಪರು, ಬ್ಯಾಂಡೇಜು, ಪ್ಯಾಡುಗಳಿಗೆ, ಚೀಲ ಒಣ ಕಸಕ್ಕೆ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕಿ ಇಡಬೇಕೆಂದು ಕೆಲವು ಹೆಣ್ಣುಮಕ್ಕಳು ಮನೆಮನೆಗೆ ಹೇಳುತ್ತಾ ಬಂದರು. ಆ ಚುಕ್ಕಿಯಷ್ಟು ಮಾನವಂತಿಕೆಯ ಗುರುತು ಈ ಊರಿನಲ್ಲಿ ಇನ್ನೊಂದಿಲ್ಲ. ಬರಿಗೈಯಲ್ಲಿ ಬುಟ್ಟಿ ಕೆದಕುವ ಪೌರಕಾರ್ಮಿಕಳಿಗೆ ಅದರೊಳಗೇನಿದೆ ಎಂದು ಮೊದಲೇ ತಿಳಿಸುವ ಗುರುತು ಅದು.

ನಮ್ಮ ಅಪಾರ್ಟ್‌ಮೆಂಟಿನವರೂ ಹಿಂಬದಿಯ ಕಾಂಪೌಂಡಿಗೆ ಒತ್ತಿ ಇಟ್ಟಿಗೆ ತೊಟ್ಟಿಗಳನ್ನು ಕಟ್ಟಿಸಿದೆವು. ನಡುನಡುವೆ ಗಾಳಿಯಾಡಲು ಕಿಂಡಿ. ತರಬೇತಿ ಕೊಡಲು ಬಂದವರು ಒಂದು ಪಾಲು ಹಸಿ, ಒಂದು ಪಾಲು ಒಣ ಎಲೆ, ಮೇಲೆ ಹುಳಿ ಮಜ್ಜಿಗೆ ಎಂದು ಬರೆದುಕೊಟ್ಟು ಹೋದರು. ಆದರೆ ನಮಗೆ ನಿಜವಾಗಿ ಕಲಿಸಿದವರು ಕಟ್ಟಡ ಗುಡಿಸುವ, ಯಾದಗಿರಿ ಕಡೆಯ ಹೆಣ್ಣುಮಗಳು. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಕೋಲು ಹಿಡಿದು ಮೇಲುಮೇಲೆ ಕಲಕುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, “ಹಂಗಲ್ರೀ ಸರ. ಕೆಳಗಿಂದು ಮ್ಯಾಲ ಬರಬೇಕು, ಮ್ಯಾಲಿಂದು ಕೆಳಗ ಹೋಗಬೇಕು. ತಿಪ್ಪಿ ಅಂದ್ರ ಹಂಗ” ಎಂದು ಸಲಿಕೆ ಇಸಿದುಕೊಂಡರು. ಆಮೇಲೆ ಒಂದು ಹಿಡಿ ಎತ್ತಿ ಹಿಂಡಿ, ನೀರು ಜಿನುಗಿದ್ದನ್ನು ತೋರಿಸಿ, “ಹಸಿ ಭಾಳ ಆಗ್ಯದ, ಇನ್ನಷ್ಟು ಎಲಿ ಹಾಕ್ರಿ” ಎಂದರು. ಊರಲ್ಲಿ ಅವರ ಮನೆಗೆ ಎರಡು ಎಕರೆ ಒಣಭೂಮಿ, ಮನೆ ಮುಂದೆ ತಿಪ್ಪೆ. ದೀಪಾವಳಿಗೆ ಅದರ ಮೇಲೂ ಒಂದು ದೀಪ ಇಡುತ್ತಾರಂತೆ. ಮಳೆ ಕೈಕೊಟ್ಟು ಬೆಂಗಳೂರಿಗೆ ಬಂದವರು. ಮೇಷ್ಟ್ರು ಅಂದಿನಿಂದ ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. ತೊಟ್ಟಿಯ ಉಸ್ತುವಾರಿಗೆ ಅವರಿಗೆ ಪ್ರತ್ಯೇಕ ಸಂಬಳ ಕೊಡಬೇಕೆಂದು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದವರೂ ಮೇಷ್ಟ್ರೇ. ಯಾರೂ ಎದುರಾಡಲಿಲ್ಲ.

ಚಳಿಗಾಲದ ಬೆಳಿಗ್ಗೆ ತೊಟ್ಟಿ ಮಗುಚುವಾಗ ಒಳಗಿನಿಂದ ಹಬೆ ಏಳುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಉಣ್ಣುವ ಭರಕ್ಕೆ ರಾಶಿಯ ಒಡಲು 60 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕೈಯಿಟ್ಟರೆ ತಡೆಯದಷ್ಟು ಬಿಸಿ. ಸ್ಕೂಲು ಬಸ್ಸಿಗೆ ಕಾಯುವ ಮಕ್ಕಳು ಅದನ್ನು ನೋಡಲೆಂದೇ ಐದು ನಿಮಿಷ ಮುಂಚೆ ಇಳಿದು ಬರುತ್ತಾರೆ. ಮೊದಲ ಮಳೆಗಾಲದಲ್ಲಿ ತೊಟ್ಟಿಯ ತುಂಬ ದಪ್ಪ ದಪ್ಪ ಹುಳು ಕಂಡು ಕೆಲವರು ಹೌಹಾರಿದರು. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಮನೆಯೊಳಗೆ ಬರುವ ಆಸೆಯೂ ಅವಕ್ಕಿಲ್ಲ, ಬರೀ ತಿನ್ನುತ್ತವೆ. ರಾತ್ರಿ ಸುರಿದ ಪಪ್ಪಾಯ ಸಿಪ್ಪೆ ಬೆಳಗಾಗುವಷ್ಟರಲ್ಲಿ ಅರ್ಧವಾಗಿರುತ್ತದೆ. ನಾನು ಆ ಹುಳುಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಕಳೆದುಹೋಗಿದ್ದ ಬಾಯಿ ಅಲ್ಲಿತ್ತು. ಸಾವಿರಾರು ಬಾಯಿ, ಒಂದೂ ಬೇಡವೆನ್ನದ ಬಾಯಿ.

ಒಣ ಎಲೆಯ ಕತೆಯೇ ಬೇರೆ. ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ, ಮಳೆಮರ ಎಲೆ ಉದುರಿಸುವಾಗ ಬೀದಿ ತುಂಬ ಹಾಸಿರುತ್ತದೆ. ಎಷ್ಟೋ ಕಡೆ ಅದನ್ನು ಗುಡಿಸಿ ಬೆಂಕಿ ಹಾಕುತ್ತಾರೆ. ಬೆಳಗಿನ ಹೊಗೆಗೆ ಕೆಮ್ಮುವ ಮುದುಕರನ್ನು ಕಂಡರೆ ನನಗೆ ಸಂಕಟ. ಅಜ್ಜನ ಮನೆಯಲ್ಲಿ ದರಕಿಗಾಗಿ ಬೆಟ್ಟ ಹತ್ತುತ್ತಿದ್ದೆವು, ಇಲ್ಲಿ ಮನೆ ಬಾಗಿಲಿಗೆ ಬಂದು ಬೀಳುವುದನ್ನು ಸುಡುತ್ತೇವೆ. ಈಗ ನಮ್ಮ ಬೀದಿಯ ಪೌರಕಾರ್ಮಿಕರು ಎಲೆ ಗುಡಿಸಿ ನಮ್ಮ ಗೇಟಿಗೆ ಗೋಣಿಚೀಲ ತುಂಬಿ ಇಡುತ್ತಾರೆ. ಆ ಎರಡು ತಿಂಗಳಲ್ಲಿ ಕೂಡಿಟ್ಟ ಚೀಲಗಳೇ ವರ್ಷವಿಡೀ ತೊಟ್ಟಿಗೆ ಆಧಾರ.

ಇತ್ತೀಚೆಗೆ ನೆಂಟರ ಮದುವೆಗೆ ಹೋದಾಗ ಛತ್ರದ ಹಿಂಬಾಗಿಲನ್ನು ನೋಡಿ ಬಂದೆ. ಈಗ ನನಗೆ ಹೋದಲ್ಲೆಲ್ಲ ಹಿಂಬಾಗಿಲು ನೋಡುವ ಚಾಳಿ. ಬಾಳೆಲೆಗಳನ್ನು ಒಂದು ಕಡೆ ಒಟ್ಟಿದ್ದರು, ಹೋಳಿಗೆ, ಅನ್ನ, ಕೋಸಂಬರಿ ಅದರೊಳಗೇ. ಪಕ್ಕದಲ್ಲಿ ಅರ್ಧ ಕುಡಿದು ಬಿಟ್ಟ ಪುಟ್ಟ ನೀರಿನ ಬಾಟಲಿಗಳು. ಆದರೆ ಮಗುವಿನ ನಾಮಕರಣವನ್ನು ಮನೆಯಲ್ಲಿ ಮಾಡಿದ ನನ್ನ ತಂಗಿ ಅದಮ್ಯ ಚೇತನ ಎಂಬ ಸಂಸ್ಥೆಯವರ ತಟ್ಟೆ ಬ್ಯಾಂಕಿನಿಂದ ಸ್ಟೀಲು ತಟ್ಟೆ, ಲೋಟ ತಂದಿದ್ದಳು. ತೊಳೆದು ಹಿಂದಿರುಗಿಸಿದರಾಯಿತು. ಬಡಿಸುವಾಗ ಅರ್ಧ ಸೌಟು ಹಾಕಿ ಮತ್ತೆ ಕೇಳುತ್ತಿದ್ದಳು. ನಮ್ಮ ಪಂಕ್ತಿಯಲ್ಲಿ ಬಡಿಸುವವರು ಹೀಗೆ ಎರಡು ಸಲ ಬಂದರೆ ಅದು ಜಿಪುಣತನವೆಂದು ಯಾರೂ ತಿಳಿಯಬಾರದು. ಕೇಳಿ ಬಡಿಸುವುದೇ ದೊಡ್ಡ ಮರ್ಯಾದೆ.

ನಮ್ಮ ಗೊಬ್ಬರ ಆನೇಕಲ್ ಕಡೆಯ ಒಬ್ಬ ರೈತರಿಗೆ ಹೋಗುತ್ತದೆ. ಅವರು ಸೊಪ್ಪು, ಬೀನ್ಸು, ಸ್ವಲ್ಪ ರಾಗಿ ಬೆಳೆಯುತ್ತಾರೆ. ಗೂಡ್ಸ್ ಆಟೋದಲ್ಲಿ ಬಂದು ಮೂಟೆ ಹಾಕಿಕೊಂಡು, ಬಂದ ದಿನ ಒಂದಿಷ್ಟು ದಂಟು, ಸಬ್ಬಸಿಗೆ ಕಟ್ಟು ಕೊಟ್ಟು ಹೋಗುತ್ತಾರೆ. ಮೊದಮೊದಲು ಅವರ ದೂರು ಒಂದೇ: ಗೊಬ್ಬರ ಚೆನ್ನಾಗಿದೆ, ಆದರೆ ಅದರಲ್ಲಿ ಸೇಬಿನ ಮೇಲಿನ ಸ್ಟಿಕ್ಕರು, ಟೀ ಬ್ಯಾಗಿನ ಪಿನ್ನು, ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡು. ಪಿನ್ನು ಕಾಲಿಗೆ ಚುಚ್ಚುತ್ತದೆ. ಅವರು ಅದನ್ನು ಹೇಳಿದ ಮೇಲೆ ನಾವು ಜರಡಿ ತಂದೆವು. ರಬ್ಬರ್ ಬ್ಯಾಂಡುಗಳನ್ನು ಪ್ರತಿ ಮಹಡಿಯಲ್ಲೂ ಒಂದು ಡಬ್ಬಿಯಲ್ಲಿ ಕೂಡಿಡುತ್ತೇವೆ, ತಳ್ಳುಗಾಡಿಯ ಸೊಪ್ಪಿನಮ್ಮ ತಿಂಗಳಿಗೊಮ್ಮೆ ಒಯ್ಯುತ್ತಾರೆ.

ಹೋದ ಸಲ ಆ ರೈತರು ಬಂದಾಗ ತೊಟ್ಟಿಗೆ ಆಗತಾನೇ ಒಂದು ದೊಡ್ಡ ಬುಟ್ಟಿ ಸುರಿಯುವುದರಲ್ಲಿದ್ದೆವು. ಎಲೆಕೋಸಿನ ಹೊರಎಲೆ, ಹೂಕೋಸಿನ ದಂಟು, ಮುಸುಕಿನ ಜೋಳದ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ. ಅವರು ಬುಟ್ಟಿಗೆ ಕೈ ಅಡ್ಡ ಇಟ್ಟರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ಇಷ್ಟು ಹಸನಾಗಿರೋದನ್ನ ಯಾಕೆ ಗೊಬ್ಬರ ಮಾಡ್ತೀರಾ? ನಮ್ಮನೇಲಿ ಎರಡು ಹಸ ಐತೆ. ಅದು ತಿಂದು ಹಾಕಿದ್ಮೇಲೂ ಗೊಬ್ಬರವೇ ಅಲ್ವಾ?” ಎಂದರು. ಯಾದಗಿರಿಯ ಹೆಣ್ಣುಮಗಳು ಸಲಿಕೆ ಊರಿ ನಿಂತು, “ನಾನೂ ಅದನ್ನs ಅನ್ಕೊಂಡಿದ್ದೆ ನೋಡ್ರಿ” ಎಂದರು.

ಹುಳು ಸಿಕ್ಕ ಸಂತೋಷದಲ್ಲಿ ನಾವು ಸಾಲನ್ನೇ ಮರೆತಿದ್ದೆವು. ಅಜ್ಜಿಯ ಹಿತ್ತಿಲಲ್ಲಿ ಒಂದು ಸಾಲಿತ್ತು: ಮೊದಲು ಮನುಷ್ಯರು, ಆಮೇಲೆ ದನ, ಕೊನೆಗೆ ಮಣ್ಣು. ಹೀರೇಕಾಯಿ ಸಿಪ್ಪೆಗೆ ಅವಳು “ತಡ್ಯೇ” ಎನ್ನುತ್ತಿದ್ದದ್ದು ಆ ಸಾಲು ತಪ್ಪಬಾರದೆಂದು. ಚಟ್ನಿಯಾಗಬಹುದಾದದ್ದು ದನಕ್ಕೆ ಹೋಗಬಾರದು, ದನ ತಿನ್ನಬಹುದಾದದ್ದು ಗುಂಡಿಗೆ ಹೋಗಬಾರದು. ಗೊಬ್ಬರದ ತೊಟ್ಟಿ ಎಷ್ಟೇ ಚೆನ್ನಾಗಿ ಹಬೆಯಾಡಿದರೂ ಅದು ಸಾಲಿನ ಕೊನೆಯದು.

ಆ ವಾರವೇ ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಬರೆದು ಲಿಫ್ಟಿನ ಪಕ್ಕ ಒಂದು ಹಾಳೆ ಅಂಟಿಸಿದರು. ಹಸುವಿನ ಡ್ರಮ್ಮು ಬೇರೆ, ತೊಟ್ಟಿಯ ಡ್ರಮ್ಮು ಬೇರೆ. ಹಸುವಿಗೆ ಈರುಳ್ಳಿ ಸಿಪ್ಪೆ, ನಿಂಬೆ ಸಿಪ್ಪೆ, ಹಳಸಿದ ಅನ್ನ ಬೇಡ. ಕವರಿನ ಚೂರು ಒಂದೂ ಇರಕೂಡದು, ಅದು ಹೊಟ್ಟೆಗೆ ಹೋದರೆ ಹಸು ಉಳಿಯುವುದಿಲ್ಲ. ರೈತರು ಮಂಗಳವಾರ, ಶನಿವಾರ ಬೆಳಿಗ್ಗೆ ಬರುತ್ತಾರೆ. ಹಾಳೆಯ ಕೆಳಗೆ ಖಾಲಿ ಜಾಗ ಬಿಟ್ಟಿದ್ದರು, ಸಿಪ್ಪೆಯಿಂದ ಮಾಡುವ ಅಡುಗೆ ಗೊತ್ತಿದ್ದವರು ಬರೆಯಲಿ ಎಂದು. ಮೊದಲು ಬರೆದದ್ದು ನಾನು, ಕಲ್ಲಂಗಡಿ ದೋಸೆ. ಅದರ ಕೆಳಗೆ ಯಾರೋ ಕುಂಬಳಕಾಯಿ ತಿರುಳಿನ ಗೊಜ್ಜು ಬರೆದರು, ಇನ್ಯಾರೋ ಕಿತ್ತಳೆ ಸಿಪ್ಪೆಯ ಗೊಜ್ಜು, ಐದನೇ ಮಹಡಿಯ ಆಂಧ್ರದ ದಂಪತಿ ಹೀರೇಕಾಯಿ ಸಿಪ್ಪೆಯ ಪಚ್ಚಡಿ. ಜಾಗ ಸಾಲದೆ ಮೇಷ್ಟ್ರು ಈಗ ಇನ್ನೊಂದು ಹಾಳೆ ಅಂಟಿಸಿದ್ದಾರೆ. ಹಲಸಿನ ಕಾಲ ಹತ್ತಿರ ಬರುತ್ತಿದೆ, ಈಗಿರುವ ಡ್ರಮ್ಮು ಮುಳ್ಳುಸಿಪ್ಪೆಗೆ ಸಾಲುವುದಿಲ್ಲ. ಅಷ್ಟರೊಳಗೆ ಇನ್ನೊಂದು ತರಿಸಬೇಕು.